ಬೈರಯ್ಯನ ಮಗಳ ಮೂರನೇ ಆಟ

ಬೈರಯ್ಯ ಬಸ್ಸು ತೆಗೆಯೋದನ್ನ ಒಂದು ಸಲ ನೋಡಬೇಕು ನೀವು. ಹತ್ತಿ ಕೂತ ತಕ್ಷಣ ಗಾಡಿ ಸ್ಟಾರ್ಟ್ ಮಾಡೋ ಆಸಾಮಿ ಅಲ್ಲ. ಮೊದಲು ಸೀಟು. ಹಿಂದಕ್ಕೆ ತಳ್ಳಿ, ಮುಂದಕ್ಕೆ ಎಳೆದು, ಮಂಡಿ ಎಷ್ಟು ಮಡಚುತ್ತೆ, ಮೊಣಕೈ ಎಲ್ಲಿ ನಿಲ್ಲುತ್ತೆ ಅಂತ ನೋಡಿ, ಸೊಂಟದ ಹಿಂದೆ ಟವೆಲಿನ ಸುರುಳಿ ಇಟ್ಟು, ಆಮೇಲೆ ಕನ್ನಡಿ, ಆಮೇಲೆ ಎರಡು ಗುಟುಕು ನೀರು, ಕಟ್ಟಕಡೆಗೆ ಕೀಲಿ. ಡಿಪೋದಲ್ಲಿ ಕಂಡಕ್ಟರುಗಳು ಗೇಲಿ ಮಾಡ್ತಾರೆ, "ಅಣ್ಣಾ, ಮದುವೆ ಗಂಡು ಕೂಡ ಹಸೆಮಣೆ ಮೇಲೆ ಕೂರೋಕೆ ಇಷ್ಟು ಹೊತ್ತು ತಗೊಳಲ್ಲ" ಅಂತ. ಬೈರಯ್ಯ ತಲೆ ಕೆಡಿಸ್ಕೊಳ್ಳಲ್ಲ. ಇಪ್ಪತ್ತಾರು ವರ್ಷ ಆಯ್ತು ಸಿಟಿ ಬಸ್ಸಿನ ಸ್ಟೇರಿಂಗ್ ಹಿಡಿದು. ಕೆಂಗೇರಿಯಿಂದ ಯಶವಂತಪುರ, ಯಶವಂತಪುರದಿಂದ ಕೆಂಗೇರಿ. ನಾಯಂಡಹಳ್ಳಿ ಸಿಗ್ನಲ್ಲು, ರೋಡಿನ ಗುಂಡಿ, ಎಡಗಡೆಯಿಂದ ನುಗ್ಗೋ ಬೈಕಿನ ಪುಂಡರು, ಎಲ್ಲಾ ದಾಟಿ ಬಂದಿದಾನೆ. ಒಂದೇ ಒಂದು ಆಕ್ಸಿಡೆಂಟ್ ಇಲ್ಲ. ಅದು ಸುಮ್ಮನೆ ಬರೋ ಮಾತಲ್ಲ ಸ್ವಾಮಿ.

ಒಂದು ಸಲ ಆಗಿಬಿಡ್ತಿತ್ತು. ಹದಿನೈದು ವರ್ಷದ ಹಿಂದೆ ಯಾರದೋ ಮದುವೆ ಊಟ ಮುಗಿಸಿ, ಮೂರು ಸಲ ಪಾಯಸ ಹಾಕಿಸ್ಕೊಂಡು, ಮಧ್ಯಾಹ್ನದ ಶಿಫ್ಟಿಗೆ ಬಂದಿದ್ದ. ನಾಯಂಡಹಳ್ಳಿ ಹತ್ತಿರ ಕಣ್ಣು ಒಂದು ಸಲ ಎಳೀತು. ಬಿಟ್ಟು ನೋಡಿದರೆ ಮುಂದಿನ ಆಟೋ ಒಂದು ಮಾರು ದೂರದಲ್ಲಿ. ಬ್ರೇಕ್ ಹಿಡೀತು, ದೇವರು ದೊಡ್ಡೋನು. ಆಟೋದೊಳಗೆ ಸ್ಕೂಲ್ ಮಕ್ಕಳಿದ್ದರು. ಅವತ್ತಿನಿಂದ ಇವತ್ತಿನವರೆಗೂ ಮಧ್ಯಾಹ್ನದ ಶಿಫ್ಟಿಗೆ ಮುಂಚೆ ಅವನ ಊಟ ಅರ್ಧ ಮುದ್ದೆ, ಒಂದು ಲೋಟ ಮಜ್ಜಿಗೆ. ಯಾರು ಕಾಲು ಹಿಡಿದರೂ ಅಷ್ಟೇ.

ಇಂಥಾ ಬೈರಯ್ಯನಿಗೆ ಒಬ್ಬಳೇ ಮಗಳು, ಚೈತನ್ಯಾ. ಇಪ್ಪತ್ತೊಂದು ವರ್ಷ. ಬಿಕಾಂ ಮುಗಿಸಿ ವಿಡಿಯೋ ಗೇಮ್ ಆಡ್ತಾಳೆ. ನಗಬೇಡಿ. ಹೊತ್ತು ಕಳೆಯೋಕೆ ಆಡೋದಲ್ಲ, ಪಂದ್ಯಕ್ಕೆ ಆಡೋದು. ಈ ಕಡೆ ಐದು ಜನ, ಆ ಕಡೆ ಐದು ಜನ, ಕಂಪ್ಯೂಟರಿನೊಳಗೆ ಬಂದೂಕು ಹಿಡಿದು ಹೊಡೆದಾಡ್ತಾರೆ. ಒಂದು ಪಂದ್ಯಕ್ಕೆ ಮೂರು ಆಟ, ಎರಡು ಗೆದ್ದೋರು ಗೆದ್ದಂಗೆ. ಒಂದೊಂದು ಆಟದಲ್ಲೂ ಹತ್ತಾರು ರೌಂಡು, ಗುಂಡು ಬಿದ್ದೋರು ಆ ರೌಂಡಿಂದ ಹೊರಗೆ. ಇವಳ ತಂಡದ ರೂಮು ವಿಜಯನಗರದಲ್ಲಿ, ಮಾರ್ಕೆಟ್ ಬೀದಿಯ ಬಳೆ ಅಂಗಡಿ ಮೇಲಿನ ಮೂರನೇ ಮಹಡಿ. ಕ್ಯಾಪ್ಟನ್ ರೇವಂತ್ ಅಂತ, ಬಸವೇಶ್ವರನಗರದ ಹುಡುಗ. ಮಾತು ಕಮ್ಮಿ, ತಲೆ ಚುರುಕು.

ಕೆಂಗೇರಿ ಉಪನಗರದ ಅವರ ಬೀದಿಯಲ್ಲಿ ಇದನ್ನ ಒಪ್ಪಿದೋರು ಯಾರೂ ಇಲ್ಲ. ಎದುರು ಮನೆಯಾಕೆ ದಿನಾ ಕೇಳೋಳು, "ನಿಮ್ಮ ಮಗಳು ಇನ್ನೂ ಗೇಮ್ ಆಡ್ಕೊಂಡೇ ಇದಾಳಾ?" ಬೈರಯ್ಯನ ಹೆಂಡತಿ ಲಿಂಗಮ್ಮ ಸುಮ್ಮನಿರೋ ಜಾತಿ ಅಲ್ಲ. "ಹೂಂ ಕಣ್ರೀ, ನಿಮ್ಮ ಯಜಮಾನ್ರು ಇನ್ನೂ ಇಸ್ಪೀಟು ಆಡ್ಕೊಂಡೇ ಇದಾರಾ?" ಅಂದಳು ಒಂದು ದಿನ. ಆಮೇಲೆ ಆ ಪ್ರಶ್ನೆ ಬರಲಿಲ್ಲ.

ಫೆಬ್ರವರಿಯ ಒಂದು ಸಂಜೆ ಚೈತನ್ಯಾ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕೂತ್ಕೊಂಡಳು. ಮುಖ ಇಷ್ಟು ಚಿಕ್ಕದಾಗಿತ್ತು.

"ಅಪ್ಪಾ, ನನ್ನನ್ನ ಟೀಮಿಂದ ತೆಗೀತಾರೆ."

ಬೈರಯ್ಯ ಪಕ್ಕದಲ್ಲಿ ಕೂತ. ಅವಳು ಬಿಡಿಸಿ ಹೇಳಿದಳು. ಮೊದಲ ಆಟದಲ್ಲಿ ಅವಳು ಹುಲಿ. ಎರಡನೇದರಲ್ಲೂ ಪರವಾಗಿಲ್ಲ. ಮೂರನೇ ಆಟ ಅಂತ ಬಂದರೆ ಕೈ ಮಾತು ಕೇಳಲ್ಲ, ಕಣ್ಣು ಉರಿಯುತ್ತೆ, ಎದುರಾಳಿ ಕಂಡರೂ ಬೆರಳು ಒತ್ತೋಕೆ ಒಂದು ಗಳಿಗೆ ತಡ. ಈ ಆಟದಲ್ಲಿ ಒಂದು ಗಳಿಗೆ ಅಂದರೆ ಸತ್ತಂಗೆ. ಐದು ಪಂದ್ಯ ಹಿಂಗೇ ಹೋಯ್ತು. ಯುಗಾದಿ ಹೊತ್ತಿಗೆ ಅರ್ಹತಾ ಪಂದ್ಯ ಇದೆ, ಅದರಲ್ಲಿ ಗೆದ್ದರೆ ಹೈದರಾಬಾದಿನ ದೊಡ್ಡ ಟೂರ್ನಮೆಂಟು. ಆ ಅರ್ಹತಾ ಪಂದ್ಯದಲ್ಲೂ ಇವಳ ಮೂರನೇ ಆಟ ಕೈಕೊಟ್ಟರೆ ರೇವಂತ್ ಇವಳ ಜಾಗಕ್ಕೆ ರಾಜರಾಜೇಶ್ವರಿನಗರದ ಇನ್ನೊಬ್ಬನನ್ನ ಹಾಕ್ಕೋತಾನೆ. ಮುಖಕ್ಕೆ ಹೇಳಿದಾನೆ.

"ನನಗೆ ಬೇರೆ ಏನೂ ಬರಲ್ಲ ಅಂತಲ್ಲ ಅಪ್ಪಾ. ನನಗೆ ಇದು ಬೇಕು." ಅಷ್ಟು ಹೇಳಿ ಅತ್ತಳು.

"ದಿನಕ್ಕೆ ಎಷ್ಟು ಹೊತ್ತು ಕೂರ್ತೀಯವ್ವಾ?"

"ಹತ್ತು ಗಂಟೆ. ಮ್ಯಾಚ್ ಹತ್ತಿರ ಇದ್ದರೆ ಹನ್ನೆರಡು."

"ಅಲ್ಲ ಕಣೇ, ನಿಮ್ಮಪ್ಪ ಇಪ್ಪತ್ತಾರು ವರ್ಷದಿಂದ ಕೂತೇ ಅನ್ನ ತಿಂತಿರೋದು. ಕೂತು ಮಾಡೋ ಕೆಲಸ ಹೆಂಗೆ ಮಾಡೋದು ಅಂತ ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಂಗೆ?"

ವಾರದ ರಜೆಯ ದಿನ ಬೈರಯ್ಯ ಇಸ್ತ್ರಿ ಶರಟು ಹಾಕ್ಕೊಂಡು ಮೆಟ್ರೋ ಹತ್ತಿ ವಿಜಯನಗರದ ಆ ರೂಮಿಗೆ ಹೋದ. ಬಾಗಿಲು ತೆಗೆದರೆ ಏನು ಹೇಳಲಿ! ಹಗಲು ಹನ್ನೊಂದು ಗಂಟೆಗೆ ಕಿಟಕಿ ಪರದೆ ಎಳೆದು ಕತ್ತಲು. ಮೂಲೆಯಲ್ಲಿ ಬೇಕರಿ ಪಫ್ಸಿನ ಕವರುಗಳ ರಾಶಿ, ಕುಡಿದು ಹಿಂಡಿದ ಎನರ್ಜಿ ಡ್ರಿಂಕಿನ ಡಬ್ಬಗಳು. ಐದು ಜನ ಐದು ಥರ ಕೂತಿದ್ದರು. ಒಬ್ಬ ಸೀಟಿನ ತುದಿಯಲ್ಲಿ, ಒಬ್ಬ ಅರ್ಧ ಮಲಗಿ. ಇವನ ಮಗಳು ಪ್ಲಾಸ್ಟಿಕ್ ಕುರ್ಚಿ ಮೇಲೆ ಒಂದು ಕಾಲು ಮಡಚಿಕೊಂಡು, ಕತ್ತು ಮುಂದಕ್ಕೆ ಚಾಚಿ, ಮೌಸನ್ನ ಕೋಳಿ ಕತ್ತು ಹಿಸುಕೋ ಹಂಗೆ ಹಿಡಿದಿದ್ದಳು.

"ಏಳವ್ವಾ ಮೇಲೆ" ಅಂದ. ಕುರ್ಚಿ ಬದಲಾಯಿಸಿದ. ಮಂಡಿ ನೋಡಿದ, ಮೊಣಕೈ ಅಳೆದ, ಕಂಪ್ಯೂಟರ್ ಪರದೆ ಕಣ್ಣಿನ ಮಟ್ಟಕ್ಕೆ ಬರಲಿ ಅಂತ ಅದರ ಕೆಳಗೆ ಎರಡು ಹಳೇ ಪುಸ್ತಕ ತುರುಕಿದ. ಉಳಿದವರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕಿಸಕ್ ಅಂದರು. ರೇವಂತ್ ಮರ್ಯಾದೆಯಿಂದಲೇ ಕೇಳಿದ, "ಅಂಕಲ್, ಇದು ಬೆರಳಿನ ಆಟ. ಸೀಟಿಗೂ ಇದಕ್ಕೂ ಏನು?"

"ಬೆರಳು ಎಲ್ಲಿಂದ ಬಂತಪ್ಪಾ? ಕೈಯಿಂದ. ಕೈ ಭುಜದಿಂದ. ಭುಜ ಬೆನ್ನಿಂದ. ಬೆನ್ನು ಸತ್ತರೆ ಬೆರಳು ಎಷ್ಟು ಹೊತ್ತು ಬದುಕುತ್ತೆ?"

ಅವರು ನಕ್ಕರು. ಚೈತನ್ಯಾ ನಗಲಿಲ್ಲ. ಅವಳು ಮೂರನೇ ಆಟದಲ್ಲಿ ಐದು ಸಲ ಸತ್ತವಳು, ಅವಳಿಗೆ ನಗು ಎಲ್ಲಿಂದ ಬರಬೇಕು?

ಆವತ್ತಿನಿಂದ ಮನೆಯಲ್ಲಿ ಡ್ರೈವರ್ ರಾಜ್ಯಭಾರ. ಹತ್ತಕ್ಕೆ ದೀಪ ಆರಬೇಕು, ಫೋನು ಅಡುಗೆಮನೆ ಶೆಲ್ಫಿನ ಮೇಲಿರಬೇಕು. ಮೊದಲ ವಾರ ಅವಳಿಗೆ ನಿದ್ದೆ ಬರಲಿಲ್ಲ, ಸೂರು ನೋಡ್ತಾ ಮಲಗ್ತಿದ್ದಳು. ಎರಡನೇ ವಾರ ಹತ್ತೂವರೆಗೆ ಗೊರಕೆ. ಬೆಳಿಗ್ಗೆ ಆರಕ್ಕೆ ಅಪ್ಪ ಮಗಳು ಕೆಂಗೇರಿ ಕೆರೆ ಕಡೆ ನಡೆಯೋದು. ಅವಳು ಮೊದಮೊದಲು ಬೈಕೊಂಡು ನಡೆದಳು, "ಅಪ್ಪಾ, ನಾನು ಓಟದ ಪಂದ್ಯಕ್ಕೆ ಹೋಗ್ತಿಲ್ಲ ಕಣಪ್ಪಾ" ಅಂತ. ಇವನು, "ನಾನೂ ಓಟಕ್ಕೆ ಹೋಗಲ್ಲ. ಆದರೆ ನಡೆಯದೇ ಇದ್ದಿದ್ದರೆ ನಲವತ್ತಕ್ಕೇ ನನ್ನ ಸೊಂಟ ಹೋಗಿರೋದು" ಅಂತಿದ್ದ. ಮೈ ಬೆವರದೆ ತಲೆ ಚುರುಕಾಗಲ್ಲ ಅನ್ನೋದು ಅವನ ಸಿದ್ಧಾಂತ.

ಕಣ್ಣಿನ ಪಾಠ ಬಸ್ಸಿನಲ್ಲೇ ಆಯ್ತು. ಒಂದು ಬೆಳಿಗ್ಗೆ ಅವಳನ್ನ ತನ್ನ ಬಸ್ಸಿನ ಮುಂದಿನ ಸೀಟಲ್ಲಿ ಕೂರಿಸ್ಕೊಂಡ. ಸಿಗ್ನಲ್ಲಿನಲ್ಲಿ ನಿಂತಾಗ ಅಂದ, "ನೋಡು, ಈಗ ನಾನು ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡ್ತಾ ಕೂರಲ್ಲ. ಆ ಕೊನೇ ಮರ ಇದೆಯಲ್ಲಾ, ಅದನ್ನ ನೋಡ್ತೀನಿ. ಕಣ್ಣು ಹತ್ತಿರದ್ದನ್ನೇ ನೋಡಿ ನೋಡಿ ಬಿಗಿದ್ಕೊಳ್ಳುತ್ತೆ. ಬಿಚ್ಚಬೇಕು. ಕೈನೂ ಅಷ್ಟೇ, ಗಾಡಿ ನಿಂತಾಗ ಸ್ಟೇರಿಂಗ್ ಬಿಡು." ಅವಳ ಆಟದಲ್ಲೂ ಒಂದು ರೌಂಡಿಗೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ ಸಿಗುತ್ತೆ. ಅಷ್ಟರಲ್ಲಿ ಬೇರೆಯವರು ಪರದೆ ನೋಡ್ತಾ ಗೊಣಗ್ತಿದ್ದರೆ ಚೈತನ್ಯಾ ಮೌಸಿಂದ ಕೈ ತೆಗೆದು, ಮಣಿಕಟ್ಟು ಸಡಿಲ ಬಿಟ್ಟು, ಕಿಟಕಿಯಾಚೆ ಮೆಟ್ರೋ ಹೋಗೋದನ್ನ ನೋಡೋಕೆ ಶುರು ಮಾಡಿದಳು. ಪರದೆ ಎಳೆದಿದ್ದ ಕಿಟಕಿ ತೆಗೆಸಿದವಳೂ ಅವಳೇ.

ಮಾರ್ಚ್ ಹೊತ್ತಿಗೆ ಅಭ್ಯಾಸದ ಪಂದ್ಯಗಳಲ್ಲಿ ಅವಳ ಮೂರನೇ ಆಟ ಮೊದಲನೇದರಷ್ಟೇ ಚೆನ್ನಾಗಿ ಬಂತು. ರೇವಂತ್ ಕಂಪ್ಯೂಟರಿನ ಅಂಕಿ ಅಂಶ ಎರಡೆರಡು ಸಲ ನೋಡಿ, "ಏನ್ ಗುರು, ಏನ್ ತಿಂತಿದೀಯಾ ಮನೇಲಿ?" ಅಂದ. ಚೈತನ್ಯಾ ಮನೆಗೆ ಬಂದು ಆ ಮಾತನ್ನ ಅಪ್ಪನಿಗೆ ಹೇಳಿದಾಗ ಬೈರಯ್ಯನಿಗೆ ಆದ ಸಂತೋಷ, ಅವನ ಪ್ರಮೋಷನ್ನಿನ ದಿನವೂ ಆಗಿರಲಿಲ್ಲ.

ಎಡವಟ್ಟು ಆಗಿದ್ದೇ ಆ ಸಂತೋಷದಿಂದ.

ಅರ್ಹತಾ ಪಂದ್ಯ ಯುಗಾದಿಯ ಮಾರನೇ ದಿನ, ಮಧ್ಯಾಹ್ನ ಮೂರಕ್ಕೆ, ಅವರ ರೂಮಿಂದಲೇ ಆಡೋದು. ಯುಗಾದಿಯ ಮಾರನೇ ದಿನ ಅಂದರೆ ನಮ್ಮ ಕಡೆ ಹೊಸತೊಡಕು. ಹೋಳಿಗೆ ತಿಂದ ನಾಲಿಗೆಗೆ ಬಾಡೂಟ. ಆ ದಿನ ಏನು ಮಾಡ್ತೀವೋ ವರ್ಷವೆಲ್ಲಾ ಅದೇ ನಡೆಯುತ್ತೆ ಅನ್ನೋದು ಹಿರಿಯರ ಮಾತು. ಅದಕ್ಕೇ ಆವತ್ತು ಯಾರೂ ಸಾಲ ಮಾಡಲ್ಲ, ಅಳಲ್ಲ, ಅರೆಹೊಟ್ಟೆ ಏಳಲ್ಲ. ಬೈರಯ್ಯ ಹಿಂದಿನ ದಿನವೇ ಫೋನ್ ಮಾಡಿ ಇಡೀ ತಂಡವನ್ನ ಊಟಕ್ಕೆ ಕರೆದುಬಿಟ್ಟ. ಮಗಳ ಕ್ಯಾಪ್ಟನ್ನು ಮೊದಲ ಸಲ ಮನೆಗೆ ಬರೋದು, ಹಬ್ಬದ ದಿನ ಬೇರೆ. ಬೆಳಿಗ್ಗೆ ಐದಕ್ಕೇ ಮಟನ್ ಅಂಗಡಿ ಮುಂದೆ ಕ್ಯೂ ನಿಂತು ತಂದ.

ಲಿಂಗಮ್ಮನ ಕೈ ಸಾರು ಗೊತ್ತಲ್ಲ, ಮೂರು ಮನೆ ಆಚೆಗೂ ಘಮ ಹೊಡೆಯುತ್ತೆ. ಹನ್ನೆರಡೂವರೆಗೆ ಎಲೆ ಹಾಕಿದರು. ಮುದ್ದೆ, ಮಟನ್ ಸಾರು, ಚಾಪ್ಸು, ಬೋಟಿ ಗೊಜ್ಜು, ಮೇಲೆ ಅನ್ನ, ಹಿಂದಿನ ದಿನದ ಹೋಳಿಗೆ. ಚೈತನ್ಯಾ ಎಲೆಗೆ ಕೈ ಅಡ್ಡ ಹಿಡಿದಳು, "ಅಪ್ಪಾ, ಮೂರಕ್ಕೆ ಮ್ಯಾಚು. ಅರ್ಧ ಮುದ್ದೆ ಸಾಕು."

"ಸುಮ್ನಿರೇ! ಹೊಸತೊಡಕಿನ ದಿನ ಅರೆಹೊಟ್ಟೆ ಎದ್ದರೆ ವರ್ಷವೆಲ್ಲಾ ಅರೆಹೊಟ್ಟೆ. ಹಾಕೇ ಲಿಂಗಮ್ಮಾ, ಆ ಹುಡುಗನಿಗೆ ಇನ್ನೊಂದು ಮುದ್ದೆ ಹಾಕು. ರೇವಂತ್, ನಾಚ್ಕೋಬೇಡಪ್ಪಾ."

ಹದಿನೈದು ವರ್ಷ ಕಾಪಾಡ್ಕೊಂಡು ಬಂದ ವ್ರತವನ್ನ ಆ ಮನುಷ್ಯ ಒಂದು ಮಧ್ಯಾಹ್ನಕ್ಕೆ ಗಾಳಿಗೆ ತೂರಿದ. ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು. ಮಕ್ಕಳು ತಿಂದರು, ತಿಂದೇ ತಿಂದರು. ವಾಪಸ್ಸು ಮೆಟ್ರೋದಲ್ಲಿ ಹೋಗುವಾಗ ಒಬ್ಬ ಕಂಬ ಹಿಡ್ಕೊಂಡು ನಿಂತೇ ನಿದ್ದೆ ಮಾಡಿದನಂತೆ.

ಮೊದಲ ಆಟ ಗೆದ್ದರು. ಎರಡನೇದರಲ್ಲಿ ಆಕಳಿಕೆ ಶುರುವಾಯ್ತು, ಸೋತರು. ಮೂರನೇದರ ಕೊನೇ ರೌಂಡಿನಲ್ಲಿ ಉಳಿದಿದ್ದು ಚೈತನ್ಯಾ ಒಬ್ಬಳೇ. ಎದುರಾಳಿ ಅವಳ ಕಣ್ಣ ಮುಂದೆಯೇ ಬಾಗಿಲು ದಾಟಿ ಬಂದ. ಅವಳು ನೋಡಿದಳು. ನೋಡ್ತಾನೇ ಇದ್ದಳು. ಬೆರಳು ಒತ್ತೋಷ್ಟರಲ್ಲಿ ಅವನು ಹೊಡೆದಾಗಿತ್ತು.

ಸಂಜೆ ಆರಕ್ಕೆ ಮನೆಗೆ ಬಂದಳು. ಬೈರಯ್ಯ ಬಾಗಿಲಲ್ಲೇ ನಿಂತಿದ್ದ, ಮುಖ ನೋಡಿದ ತಕ್ಷಣ ಗೊತ್ತಾಯ್ತು. ಸೋತ ತಂಡಗಳಿಗೆ ಇನ್ನೊಂದೇ ಅವಕಾಶ ಉಳಿದಿದೆ, ಎರಡು ವಾರ ಬಿಟ್ಟು ಭಾನುವಾರ, ರಾಜಾಜಿನಗರದ ಸಭಾಂಗಣದಲ್ಲಿ, ಜನದ ಮುಂದೆ. ಅದನ್ನ ಇವಳ ಬದಲಿಗೆ ಆ ಇನ್ನೊಬ್ಬ ಹುಡುಗ ಆಡ್ತಾನೆ ಅಂತ ರೇವಂತ್ ಹೇಳಿದಾನೆ. ಚೈತನ್ಯಾ ಅಪ್ಪನನ್ನ ಬೈಯಲಿಲ್ಲ. ಒಂದು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಹಗುರ ಆಗ್ತಿತ್ತು. ಅವಳು ಸುಮ್ಮನೆ ಹೋಗಿ ಮಲಗಿದಳು. ಬೈರಯ್ಯ ಉಳಿದ ಮಟನ್ ಸಾರಿನ ಕಡೆ ಮುಖ ಕೂಡ ಹಾಕಲಿಲ್ಲ.

ಮಾರನೇ ದಿನ ಬೆಳಗಿನ ಶಿಫ್ಟು ಮುಗಿಸಿ ಖಾಕಿಯಲ್ಲೇ ವಿಜಯನಗರದ ಆ ಮೂರು ಮಹಡಿ ಹತ್ತಿದ. ಐವತ್ತಮೂರು ವರ್ಷದ ಮನುಷ್ಯ ಇಪ್ಪತ್ಮೂರರ ಹುಡುಗನ ಮುಂದೆ ನಿಂತು ಹೇಳಿದ, "ನೋಡಪ್ಪಾ, ತಪ್ಪು ನಂದು. ಅವಳದ್ದಲ್ಲ. ಅವಳು ಬೇಡ ಅಂದಳು, ನಾನು ಬಡಿಸಿದೆ."

"ಅಂಕಲ್, ಊಟ ಎಲ್ಲರೂ ಮಾಡಿದ್ವಿ."

"ಮಾಡಿದ್ರಿ, ಎಲ್ಲರೂ ಮಲಗಿದ್ರಿ! ಕೊನೆಗೆ ಉಳಿದೋಳು ಅವಳೊಬ್ಬಳು, ಅದಕ್ಕೆ ಅವಳ ನಿದ್ದೆ ಮಾತ್ರ ಕಾಣಿಸ್ತು. ಅದೇನೋ ಲೆಕ್ಕ ಬರುತ್ತಂತಲ್ಲಾ ನಿಮ್ಮ ಕಂಪ್ಯೂಟರಲ್ಲಿ, ತೆಗಿ. ನಿಂದೂ ನೋಡು."

ರೇವಂತ್‌ಗೆ ಕೋಪ ಬಂತು, ಆದರೂ ತೆಗೆದ. ಆ ಹುಡುಗನಲ್ಲಿ ಒಂದು ಒಳ್ಳೇ ಗುಣ, ಅಂಕಿಗೆ ಸುಳ್ಳು ಹೇಳಲ್ಲ. ನೋಡ್ತಾ ನೋಡ್ತಾ ಅವನ ಮುಖ ಇಳೀತು. ಎರಡನೇ ಆಟದಿಂದಾಚೆ ಐದೂ ಜನ ಕುಸಿದಿದ್ದರು. ಎಲ್ಲರಿಗಿಂತ ಕೆಳಗೆ ಕುಸಿದಿದ್ದು ಕ್ಯಾಪ್ಟನ್ನೇ. ಎರಡು ಮುದ್ದೆ ತಿಂದವನು ಅವನೇ ಅಲ್ಲವೇ.

ಆ ಲೆಕ್ಕ ಮುಚ್ಚಿ ರೇವಂತ್ ಅಂದ, "ಸರಿ ಅಂಕಲ್. ಎರಡು ವಾರ. ಚೈತನ್ಯಾನೇ ಆಡ್ಲಿ. ಅಲ್ಲೂ ಮೂರನೇ ಆಟ ಹೋದರೆ ಮಾತ್ರ ನನ್ನನ್ನ ಕೇಳಬೇಡಿ."

"ಕೇಳಲ್ಲ. ಆದರೆ ಎರಡು ವಾರ ಐದೂ ಜನ ನಾನು ಹೇಳಿದಂಗೆ ಕೇಳಬೇಕು."

ಆ ಎರಡು ವಾರ ಮಾರ್ಕೆಟ್ ಬೀದಿಯವರಿಗೆ ಬಿಟ್ಟಿ ಮನರಂಜನೆ. ಸಂಜೆ ಐದಾದರೆ ಖಾಕಿ ಪ್ಯಾಂಟಿನ ಬೈರಯ್ಯ ಮುಂದೆ, ಹಿಂದೆ ಸಾಲಾಗಿ ಐದು ಜನ, ಅತ್ತಿಗುಪ್ಪೆವರೆಗೂ ನಡೆದು ವಾಪಸ್ಸು. ಹೂ ಮಾರೋ ಅಂಜಮ್ಮ, "ಏನ್ ಸಾರ್, ಬಸ್ಸು ಕೆಟ್ಟೋಯ್ತಾ, ಎಲ್ಲರನ್ನೂ ನಡೆಸ್ಕೊಂಡು ಹೋಗ್ತಾ ಇದೀರಾ?" ಅಂದಳು. ಬೇಕರಿಯವನು ಪಫ್ಸ್ ಮಿಕ್ಕೋಗ್ತಿದೆ ಅಂತ ಮುಖ ಸಿಂಡರಿಸಿದ. ಮಧ್ಯಾಹ್ನ ಕೋಸಂಬರಿ, ಮೊಳಕೆಕಾಳು, ಚಿಕ್ಕ ಮುದ್ದೆ, ಮಜ್ಜಿಗೆ. ಪ್ರತಿಯೊಬ್ಬನ ಮೇಜಿನ ಮೇಲೂ ನೀರಿನ ಬಾಟಲಿ. "ಬಾಯಾರಿಕೆ ಆದ ಮೇಲೆ ಕುಡಿಯೋದಲ್ಲ, ಆಗೋಕೆ ಮುಂಚೆ ಕುಡೀರಿ. ಇಂಜಿನ್ ಕಾದ ಮೇಲೆ ನೀರು ಹುಯ್ಯೋ ಡ್ರೈವರು ಯಾವ ಡ್ರೈವರು?" ಊಟ ಬಲ್ಲವನಿಗೆ ರೋಗವಿಲ್ಲ ಅನ್ನೋ ಗಾದೆಯನ್ನ ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ. ಮೂರು ದಿನ ಗೊಣಗಿದರು. ನಾಲ್ಕನೇ ದಿನ ಒಬ್ಬ ಬಂದು, "ಅಂಕಲ್, ತಲೆನೋವು ಇಲ್ಲ ಇವತ್ತು. ಎರಡು ವರ್ಷ ಆಗಿತ್ತು" ಅಂದ. ಹತ್ತು ಗಂಟೆಗೆ ಎಲ್ಲರೂ 'ಗುಡ್ ನೈಟ್ ಅಂಕಲ್' ಅಂತ ಮೆಸೇಜು ಹಾಕಬೇಕು, ಆಮೇಲೆ ಫೋನು ಆಫ್. ಹಾಕ್ತಿದ್ದರು.

ಭಾನುವಾರ ಬಂತು. ಬೆಳಿಗ್ಗೆ ಎರಡು ಇಡ್ಲಿ, ಒಂದು ಬಾಳೆಹಣ್ಣು. ಲಿಂಗಮ್ಮ ಚೂರು ಕೇಸರಿಬಾತಾದರೂ ಬಾಯಿಗೆ ಹಾಕ್ಕೊಂಡು ಹೋಗಲಿ, ಶುಭ ಅಂದಳು. ಬೈರಯ್ಯ ಹೆಂಡತಿ ಕಡೆ ನೋಡಿದ ನೋಟಕ್ಕೆ ಕೇಸರಿಬಾತು ತಾನಾಗೇ ಒಳಗೆ ಹೋಯ್ತು. ಅವಳು ಪಂದ್ಯ ನೋಡೋಕೆ ಬರಲಿಲ್ಲ. "ನನಗೆ ಎದೆ ಹೊಡ್ಕೊಳ್ಳುತ್ತೆ. ಮುಗಿದ ತಕ್ಷಣ ನೀವೇ ಫೋನ್ ಮಾಡಿ ಹೇಳಿ" ಅಂದಳು.

ಸಭಾಂಗಣದ ತುಂಬಾ ಜನ. ವೇದಿಕೆ ಮೇಲೆ ಆ ಕಡೆ ಐದು, ಈ ಕಡೆ ಐದು ಕಂಪ್ಯೂಟರು, ಮೇಲೆ ಗೋಡೆಯಷ್ಟು ದೊಡ್ಡ ಪರದೆ. ಬೈರಯ್ಯನ ಪಕ್ಕದಲ್ಲಿ ಕೂತಿದ್ದವರು ದಪ್ಪ ಕನ್ನಡಕದ ಒಬ್ಬ ಯಜಮಾನರು. ಸೇತುರಾಮ ಅಂತ, ರಾಜಾಜಿನಗರದ ಮೇಷ್ಟ್ರು. ಅವರ ಮಗ ಎದುರು ತಂಡದಲ್ಲಿದ್ದ. ಇಬ್ಬರಿಗೂ ಆಟದ ತಲೆ ಬುಡ ಗೊತ್ತಿಲ್ಲ. "ಕೆಂಪು ಬಣ್ಣ ನಿಮ್ಮೋರು, ನೀಲಿ ನಮ್ಮೋರು" ಅಂತ ಮೇಷ್ಟ್ರು ಹೇಳಿಕೊಟ್ಟರು, ಅಷ್ಟೇ.

ಮೊದಲ ಆಟ ಇವರದು, ಎರಡನೇದು ಅವರದು. ಮೂರನೇ ಆಟ ಶುರುವಾಗುವಾಗ ಬೈರಯ್ಯ ಸೀಟಿನಲ್ಲಿ ನೆಟ್ಟಗೆ ಕೂತ. ಯಾರು ಮೊದಲು ಹದಿಮೂರು ರೌಂಡ್ ಗೆಲ್ತಾರೋ ಅವರಿಗೆ ಆಟ. ಎಲ್ಲರೂ ದೊಡ್ಡ ಪರದೆ ನೋಡಿದರು. ಬೈರಯ್ಯ ಅದನ್ನ ನೋಡಲಿಲ್ಲ. ಅವನು ನೋಡಿದ್ದು ಕೂತವರ ಮೈಯನ್ನ. ಅದು ಅವನಿಗೆ ಓದೋಕೆ ಬರುತ್ತೆ. ಡಿಪೋದಲ್ಲಿ ಸಾಲಾಗಿ ಬರೋ ಬಸ್ಸುಗಳ ಡ್ರೈವರುಗಳನ್ನ ದೂರದಿಂದ ನೋಡಿಯೇ ಯಾವನು ದಣಿದಿದಾನೆ ಅಂತ ಹೇಳ್ತಾನೆ.

ಏಳು, ಎಂಟು ರೌಂಡು ಹೋಗೋಷ್ಟರಲ್ಲಿ ಒಬ್ಬನ ಭುಜ ಕಿವಿ ಮುಟ್ಟೋಕೆ ಹೊರಟಿತ್ತು. ಪದೇ ಪದೇ ಕಣ್ಣು ಉಜ್ಜಿಕೊಳ್ಳೋದು, ಕುರ್ಚಿಯಲ್ಲಿ ಜಾರೋದು. ಬೈರಯ್ಯ ಮುಂದಕ್ಕೆ ಬಾಗಿ ನೋಡಿದ. ಅದು ರೇವಂತ್. ಪ್ರತೀ ರೌಂಡಿಗೂ ಎಲ್ಲರಿಗೂ ದಾರಿ ಹೇಳಬೇಕಾದವನು ಅವನು. ಮಾತು ತಡವರಿಸ್ತಿತ್ತಂತೆ, ಎರಡು ಸಲ ತಪ್ಪು ಹೇಳಿದನಂತೆ. ನಾಲ್ಕು ರೌಂಡು ಸತತವಾಗಿ ಹೋಯ್ತು. ಹನ್ನೊಂದು ಏಳು ಆಯ್ತು, ಅವರು ಮುಂದೆ.

ಆಗ ರೇವಂತ್ ತಲೆ ತಿರುಗಿಸಿ ಚೈತನ್ಯಾಗೆ ಏನೋ ಅಂದ. ಅವಳು ಒಂದು ಸಲ ಅವನ ಮುಖ ನೋಡಿ ತಲೆಯಾಡಿಸಿದಳು. ಮುಂದಿನ ರೌಂಡಿನಿಂದ ಬಾಯಿ ಆಡ್ತಿದ್ದಿದ್ದು ಅವಳದು. ಎಡಕ್ಕೆ ಹೋಗು, ನಿಲ್ಲು, ಈಗ ಬಾ. ಬೈರಯ್ಯನಿಗೆ ಮಾತು ಕೇಳಿಸ್ತಿರಲಿಲ್ಲ, ಪಕ್ಕದಿಂದ ಅವಳ ಬೆನ್ನು ಕಾಣಿಸ್ತಿತ್ತು. ನೆಟ್ಟಗಿತ್ತು. ರೌಂಡು ಮುಗಿದಾಗೆಲ್ಲ ಅವಳು ಕೈ ಕೆಳಗೆ ಬಿಟ್ಟು, ಸಭಾಂಗಣದ ಕೊನೇ ಗೋಡೆ ಕಡೆ ನೋಡ್ತಿದ್ದಳು. ಅಷ್ಟು ಜನದ ಗಲಾಟೆಯಲ್ಲಿ, ಮನೆ ಅಂಗಳದಲ್ಲಿ ನಿಂತಂಗೆ. ಎಂಟು, ಒಂಬತ್ತು, ಹತ್ತು, ಹನ್ನೊಂದು. ಒಂದು ಅವರಿಗೆ ಹೋಯ್ತು. ಒಂದು ಇವರಿಗೆ ಬಂತು. ಹನ್ನೆರಡು ಹನ್ನೆರಡು.

ಕೊನೇ ರೌಂಡಿನಲ್ಲಿ ಒಬ್ಬೊಬ್ಬರೇ ಬಿದ್ದರು. ಆ ಕಡೆ ಇಬ್ಬರು ಉಳಿದರು, ಈ ಕಡೆ ಚೈತನ್ಯಾ ಒಬ್ಬಳೇ.  ಸೇತುರಾಮ ಮೇಷ್ಟ್ರು ಬೈರಯ್ಯನ ಮೊಣಕೈ ಹಿಡ್ಕೊಂಡರು, ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಮೂರನೇ ಆಟ, ಮೂರು ಗಂಟೆ ಆಡಿ ದಣಿದ ಮೈ, ಒಂದು ಗಳಿಗೆ ತಡವಾದರೆ ಮುಗೀತು. ಅವಳ ಭುಜ ಮೇಲೇಳಲಿಲ್ಲ. ಒಬ್ಬ ಮೂಲೆ ತಿರುಗಿದ, ಬಿದ್ದ. ಇನ್ನೊಬ್ಬ ಹಿಂದಿನಿಂದ ಬಂದ. ಅವಳು ತಿರುಗಿದ್ದು ಬೈರಯ್ಯನಿಗೆ ಕಾಣಲೇ ಇಲ್ಲ, ಜನ ಎದ್ದು ಕಿರುಚಿದ್ದು ಮಾತ್ರ ಕೇಳಿಸ್ತು.

ತಂಡದವರು ಅವಳ ಮೇಲೆ ಬಿದ್ದು ಕುಣಿದರು. ರೇವಂತ್ ಕುಣಿಯಲಿಲ್ಲ. ವೇದಿಕೆ ಇಳಿದು ನೇರ ಬೈರಯ್ಯನ ಹತ್ತಿರ ಬಂದ. ಕಣ್ಣು ಕೆಂಪಗಿತ್ತು.

"ಅಂಕಲ್, ನಾನು ದಿನಾ ಗುಡ್ ನೈಟ್ ಹಾಕಿ ಮೂರು ಗಂಟೆವರೆಗೂ ಪ್ರಾಕ್ಟೀಸ್ ಮಾಡ್ತಿದ್ದೆ. ಕ್ಯಾಪ್ಟನ್ ಆದೋನು ಜಾಸ್ತಿ ಆಡಬೇಕು ಅನ್ಕೊಂಡಿದ್ದೆ. ಇವತ್ತು ಕೈಯೇ ಬರಲಿಲ್ಲ. ಅವಳು ಇಲ್ಲದಿದ್ದರೆ ನಾವು ಹೋಗ್ತಿದ್ವಿ." ಆಮೇಲೆ ಅಂದ, "ಹೈದರಾಬಾದಿನ ಲಿಸ್ಟಲ್ಲಿ ಮೊದಲ ಹೆಸರು ಅವಳದು ಅಂಕಲ್. ನಾನೇ ಬರೆದುಕೊಟ್ಟು ಬಂದೆ."

ಬೈರಯ್ಯನಿಗೆ ಬೈಯಬೇಕು ಅನ್ನಿಸ್ತು, ತಬ್ಕೋಬೇಕು ಅನ್ನಿಸ್ತು. ಹುಡುಗನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಇವತ್ತು ಹೋಗಿ ಮಲಗೋ ಮೊದಲು" ಅಂದ. ವೇದಿಕೆ ಮೇಲೆ ಚೈತನ್ಯಾ ಅಪ್ಪ ಎಲ್ಲಿ ಅಂತ ಹುಡುಕ್ತಿದ್ದಳು. ಕಂಡ ತಕ್ಷಣ ಎರಡೂ ಕೈ ಎತ್ತಿದಳು. ತನ್ನ ಮಗಳು. ಆ ಬೆನ್ನು, ಆ ಕೈ, ಆ ಕಣ್ಣು ತನ್ನ ಮಗಳದು ಅಂತ ಇಡೀ ರಾಜಾಜಿನಗರಕ್ಕೆ ಕೂಗಿ ಹೇಳಬೇಕು ಅನ್ನಿಸ್ತು ಅವನಿಗೆ.

ಲಿಂಗಮ್ಮನಿಗೆ ಫೋನ್ ಮಾಡಿದ. ಅವಳು ಒಂದೇ ರಿಂಗಿಗೆ ಎತ್ತಿದಳು. "ಏನಾಯ್ತೂ ಅಂದ್ರೆ?" ಬೈರಯ್ಯ ಬಾಯಿ ತೆಗೆದ, ಮಾತು ಬರಲಿಲ್ಲ. "ಅಯ್ಯೋ, ಸೋತಳಾ? ಏನಾಯ್ತು ಹೇಳ್ರೀ!" ಬೈರಯ್ಯ ಎರಡು ಸಲ ಪ್ರಯತ್ನ ಮಾಡಿ, ಆಗದೆ, ಫೋನನ್ನ ಪಕ್ಕದ ಸೇತುರಾಮ ಮೇಷ್ಟ್ರ ಕೈಗೆ ತುರುಕಿದ. ನೀವೇ ಹೇಳಿ ಅಂತ ಕೈಸನ್ನೆ ಮಾಡಿದ.

ಮೇಷ್ಟ್ರು ಒಂದು ಕ್ಷಣ ವೇದಿಕೆ ಮೇಲೆ ತಲೆ ತಗ್ಗಿಸಿ ಕೂತಿದ್ದ ತಮ್ಮ ಮಗನ ಕಡೆ ನೋಡಿದರು. ಆಮೇಲೆ ಕನ್ನಡಕ ಸರಿ ಮಾಡ್ಕೊಂಡು ಫೋನು ಕಿವಿಗಿಟ್ಟರು.

"ನಮಸ್ಕಾರ ತಾಯಿ. ನಾನು ಸೋತ ಹುಡುಗನ ಅಪ್ಪ ಮಾತಾಡ್ತಾ ಇರೋದು. ನಿಮ್ಮ ಮಗಳು ಗೆದ್ಲಮ್ಮಾ. ಕೊನೇಲಿ ಒಬ್ಬಳೇ ಇಬ್ಬರನ್ನ ಎದುರಿಸಿ ಗೆದ್ಲು. ಅದರಲ್ಲಿ ಒಬ್ಬ ನನ್ನ ಮಗ." ಆಮೇಲೆ ಬೈರಯ್ಯನ ಕಡೆ ನೋಡಿ ಅಂದರು, "ನಿಮ್ಮ ಯಜಮಾನ್ರಿಗೆ ಏನೂ ಆಗಿಲ್ಲ, ಗಾಬರಿ ಆಗಬೇಡಿ. ಇಲ್ಲೇ ಇದಾರೆ. ಅಳ್ತಾ ಇದಾರೆ."

ಆ ಕಡೆಯಿಂದ ಲಿಂಗಮ್ಮನ ದನಿ ಎಷ್ಟು ಜೋರಾಗಿ ಬಂತು ಅಂದರೆ ಮುಂದಿನ ಸಾಲಿನವರೂ ತಿರುಗಿ ನೋಡಿದರು.

"ಅಳಲಿ ಬಿಡಿ ಸಾರ್! ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನುಷ್ಯ ಅತ್ತಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ. ಅಯ್ಯೋ, ನಾನೂ ಬರಬೇಕಿತ್ತು."